ಅವತಾರ್ ಸರಣಿ ನಿಜವಾಗಿ ಯಾರದು? ಬ್ರೈಕ್ ಜೋಡಿಯದಾ, ಇಹಾಸ್ ಅವರದಾ, ಕೊರಿಯಾದವರದಾ?

ಮಲೆನಾಡ_ಮಳೆ:

‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಎಂಬ ಅನಿಮೇಷನ್ ಸರಣಿಯ ಬಗ್ಗೆ ಎಲ್ಲೇ ಮಾತು ಶುರುವಾಗಲಿ, ಸ್ವಲ್ಪ ಹೊತ್ತಿಗೆ ಅದೇ ಜಗಳ. ಒಂದು ಗುಂಪಿಗೆ ಇದು ಮೈಕೆಲ್ ಡಾಂಟೆ ಡಿಮಾರ್ಟಿನೊ ಮತ್ತು ಬ್ರಯಾನ್ ಕೊನಿಯೆಟ್ಜ್ಕೊ, ಅಂದರೆ ಅಭಿಮಾನಿಗಳು ‘ಬ್ರೈಕ್’ ಅಂತ ಕರೆಯುವ ಜೋಡಿಯ ಸೃಷ್ಟಿ, ಅಲ್ಲಿಗೆ ಮಾತು ಮುಗಿಯಿತು. ಇನ್ನೊಂದು ಗುಂಪಿನ ಪ್ರಕಾರ ಆ ಇಬ್ಬರಿಗೆ ಹೆಸರು ಬಂತು ಅಷ್ಟೇ, ಕಥೆಗೆ ಜೀವ ತುಂಬಿದ್ದು ಮುಖ್ಯ ಬರಹಗಾರ ಆರನ್ ಇಹಾಸ್. 2025ರಲ್ಲಿ ‘ಸೆವೆನ್ ಹೇವನ್ಸ್’ ಎಂಬ ಹೊಸ ಸರಣಿ ಘೋಷಣೆಯಾದಾಗಲೂ ಕಥೆ ಏನು ಅಂತ ಕೇಳಿದವರಿಗಿಂತ ‘ಇಹಾಸ್ ಇದ್ದಾರಾ?’ ಅಂತ ಕೇಳಿದವರೇ ಜಾಸ್ತಿ ಕಂಡರು.

ನನ್ನ ಮಾತು ನೇರವಾಗಿ ಹೇಳುತ್ತೇನೆ. ಎರಡು ಗುಂಪೂ ಒಂದೇ ಕಡೆ ಎಡವುತ್ತಿವೆ. 2005ರ ಫೆಬ್ರವರಿಯಿಂದ 2008ರ ಜುಲೈವರೆಗೆ ನಿಕಲೋಡಿಯನ್‌ನಲ್ಲಿ ಬಂದ 61 ಕಂತುಗಳನ್ನು ಯಾರಾದರೂ ಒಬ್ಬರ ತಲೆಗೆ ಕಟ್ಟಬೇಕು ಅಂತ ಯಾಕೆ ಹಟ? ಆ ಲೋಕ, ನೀರು, ಭೂಮಿ, ಬೆಂಕಿ, ಗಾಳಿ ಆಡಿಸುವ ನಾಲ್ಕು ಜನಾಂಗ, ಹಿಮಗಡ್ಡೆಯೊಳಗಿನ ಹುಡುಗ, ಇವೆಲ್ಲ ಡಿಮಾರ್ಟಿನೊ ಮತ್ತು ಕೊನಿಯೆಟ್ಜ್ಕೊ ಅವರದು. ಅದರಲ್ಲಿ ನನಗೆ ಅನುಮಾನವೇ ಇಲ್ಲ. ಕೊನಿಯೆಟ್ಜ್ಕೊ ಹಿಂದೆಂದೋ ಬರೆದಿಟ್ಟ ಬೋಳುತಲೆಯ ನಡುವಯಸ್ಸಿನವನ ಚಿತ್ರ ಚಿಕ್ಕ ಹುಡುಗನಾಯಿತು, ಅವನು ಆಕಾಶದಲ್ಲಿ ಕಾಡೆಮ್ಮೆಗಳನ್ನು ಮೇಯಿಸುತ್ತಿದ್ದ. ಅದೇ ಹೊತ್ತಿಗೆ ಡಿಮಾರ್ಟಿನೊ ದಕ್ಷಿಣ ಧ್ರುವದಲ್ಲಿ ಸಿಕ್ಕಿಬಿದ್ದ ಅನ್ವೇಷಕರ ಸಾಕ್ಷ್ಯಚಿತ್ರ ನೋಡುತ್ತಿದ್ದರು. ಎರಡೂ ಸೇರಿ ಇಡೀ ಕಥೆಯ ಬೀಜವಾಯಿತು.

ಆದರೆ ಬೀಜದ ಮಾತು ಬೇರೆ, 61 ಕಂತಿನ ಮಾತು ಬೇರೆ. ಪ್ರತಿ ಕಂತಿನಲ್ಲೂ ಬರೆದವರು ಯಾರು, ನಿರ್ದೇಶಿಸಿದವರು ಯಾರು, ಸ್ಟೋರಿಬೋರ್ಡ್ (ದೃಶ್ಯಗಳ ಕರಡು ಚಿತ್ರ) ಮಾಡಿದವರು ಯಾರು ಅಂತ ಹೆಸರು ಹಾಕಿದ್ದಾರೆ. ನಾವು ಅದನ್ನು ಓದದೆ ಜಗಳ ಆಡುತ್ತಿದ್ದೇವೆ. ಕಂತಿನ ಹೆಸರು ಹಿಡಿದು ಮಾತಾಡೋಣ ಬನ್ನಿ.

ಜುಕೊ_ಪಕ್ಷ:

ಸರಿ, ಕಂತಿನ ಹೆಸರು ಹಿಡಿದೇ ಮಾತಾಡುತ್ತೇನೆ. ‘ದಿ ಸ್ಟಾರ್ಮ್’ ಬರೆದಿದ್ದು ಇಹಾಸ್. ಅಲ್ಲಿಯವರೆಗೆ ಬೆಂಕಿ ಜನಾಂಗದ ರಾಜಕುಮಾರ ಜುಕೊ ಸುಮ್ನೆ ಕಿರುಚಾಡುವ ಖಳ. ಆ ಒಂದು ಕಂತಿನಲ್ಲಿ ಅವನ ಮುಖದ ಸುಟ್ಟ ಗಾಯ ಎಲ್ಲಿಂದ ಬಂತು, ಅಪ್ಪ ಅವನನ್ನು ಯಾಕೆ ಹೊರಗಟ್ಟಿದ ಅಂತ ಗೊತ್ತಾಗುತ್ತದೆ, ಆಮೇಲೆ ಅವನನ್ನು ದ್ವೇಷಿಸುವುದಕ್ಕೇ ಆಗುವುದಿಲ್ಲ. ‘ಬಿಟರ್ ವರ್ಕ್’ ಇಹಾಸ್. ಎರಡನೇ ಭಾಗದ ಕೊನೆಯ ಕಂತು ‘ದಿ ಕ್ರಾಸ್‌ರೋಡ್ಸ್ ಆಫ್ ಡೆಸ್ಟಿನಿ’ಯೂ ಇಹಾಸ್. ಜುಕೊ ಬದಲಾಗುವ ದಾರಿಯ ಮುಖ್ಯ ತಿರುವುಗಳಲ್ಲೆಲ್ಲ ಇವರದೇ ಹೆಸರು ಇದೆ.

ಇನ್ನು ಇದರ ಮುಂದಿನ ಸರಣಿ ‘ಲೆಜೆಂಡ್ ಆಫ್ ಕೊರಾ’ ನೋಡಿ. 2012ರಲ್ಲಿ ಬಂದ ಅದರ ಮೊದಲ ಭಾಗದ 12 ಕಂತುಗಳನ್ನೂ ಬ್ರೈಕ್ ಇಬ್ಬರೇ ಬರೆದರು. ಬರಹಗಾರರ ತಂಡವೇ ಇರಲಿಲ್ಲ. ಫಲ ಏನಾಯಿತು? ಪ್ರೇಮ ತ್ರಿಕೋನಕ್ಕೆ ಎಷ್ಟೊಂದು ಹೊತ್ತು ಹೋಯಿತು. ಕೊನೆಯಲ್ಲಿ ಕೊರಾ ಕಳೆದುಕೊಂಡ ಶಕ್ತಿಯೆಲ್ಲ ಎರಡೇ ನಿಮಿಷದಲ್ಲಿ ವಾಪಸ್ ಬಂತು. ಮೊದಲ ಸರಣಿಯಲ್ಲಿ ಹಾಗೆ ಪುಕ್ಕಟೆಯಾಗಿ ಏನೂ ಸಿಗುತ್ತಿರಲಿಲ್ಲ. ಇದಕ್ಕಿಂತ ದೊಡ್ಡ ಪುರಾವೆ ಬೇಕಾ?

ಗ್ರಂಥಾಲಯದ_ಗೂಬೆ:

ಜುಕೊ_ಪಕ್ಷ ಅವರೇ, ನಿಮ್ಮ ಪುರಾವೆ ಎರಡೂ ಕಡೆ ಕುಯ್ಯುತ್ತದೆ. ಇಹಾಸ್ 2018ರಲ್ಲಿ ಜಸ್ಟಿನ್ ರಿಚ್ಮಂಡ್ ಜೊತೆ ‘ದಿ ಡ್ರ್ಯಾಗನ್ ಪ್ರಿನ್ಸ್’ ಶುರುಮಾಡಿದರು, ಏಳು ಸೀಸನ್ ನಡೆಯಿತು. ನನಗೆ ಅದು ಇಷ್ಟವೇ. ಆದರೆ ಅವತಾರ್ ಎತ್ತರಕ್ಕೆ ಅದು ಹೋಯಿತು ಅಂತ ಯಾರಾದರೂ ಹೇಳುತ್ತಾರಾ? ಇಡೀ ಪ್ರತಿಭೆ ಒಬ್ಬರಲ್ಲೇ ಇದ್ದಿದ್ದರೆ ಅಲ್ಲೂ ಅದೇ ಮಟ್ಟ ಬರಬೇಕಿತ್ತಲ್ವಾ?

ಕಂತಿನ ಹೆಸರು ಅಂದಿರಲ್ಲ, ಕೊನೆಯ ‘ಸೋಜಿನ್ಸ್ ಕಾಮೆಟ್’ ತೆಗೆದುಕೊಳ್ಳಿ. ನಾಲ್ಕು ಭಾಗ. ಮೊದಲನೆಯದು ಡಿಮಾರ್ಟಿನೊ ಒಬ್ಬರೇ ಬರೆದದ್ದು. ಎರಡನೆಯದು ಇಹಾಸ್. ಮೂರು ಮತ್ತು ನಾಲ್ಕು ಬ್ರೈಕ್ ಇಬ್ಬರದು. ಅಂದರೆ ಜುಕೊ ಮತ್ತು ಅವನ ತಂಗಿ ಅಜುಲಾ ನಡುವಿನ ಕೊನೆಯ ಅಗ್ನಿ ಕಾಯ್ (ಬೆಂಕಿಯ ದ್ವಂದ್ವಯುದ್ಧ) ಬರುವ ಕಂತು ಬ್ರೈಕ್ ಬರೆದದ್ದು. ಅಜುಲಾ ಕನ್ನಡಿಯ ಮುಂದೆ ಕೂದಲು ಕತ್ತರಿಸಿಕೊಂಡು ಅಮ್ಮನ ನೆರಳು ನೋಡುವ ದೃಶ್ಯ ಇದೆಯಲ್ಲ, ಅದೂ ಆ ಕಂತಿನದೇ. ಪಾತ್ರದ ಆಳ ಇವರಿಗೆ ಗೊತ್ತಿಲ್ಲ ಅನ್ನುವವರು ಆ ದೃಶ್ಯ ಮತ್ತೊಮ್ಮೆ ನೋಡಲಿ.

ಜುಕೊ ಇಹಾಸ್ ಕೂಸು ಅನ್ನುವ ಮಾತು ಬೇರೆ. ಮೊದಲ ಕಲ್ಪನೆಯಲ್ಲಿ ಜುಕೊ ಇರಲೇ ಇಲ್ಲ. ಬೆಂಕಿ ದೊರೆ ಎಲ್ಲೋ ದೂರದಲ್ಲಿ ಕೂತಿರುತ್ತಾನೆ, ಹುಡುಗರನ್ನು ಬೆನ್ನಟ್ಟಲು ಅವರದೇ ವಯಸ್ಸಿನ ಒಬ್ಬ ಎದುರಾಳಿ ಬೇಕು ಎಂಬ ಸಲಹೆ ಬಂದದ್ದು ಚಾನೆಲ್ ಕಡೆಯಿಂದ. ಹಾಗಾದರೆ ಜುಕೊನನ್ನು ಚಾನೆಲ್ ಅಧಿಕಾರಿಗಳ ಲೆಕ್ಕಕ್ಕೆ ಬರೆಯೋಣವಾ?

ಜುಕೊ_ಪಕ್ಷ:

ಸಲಹೆ ಕೊಡುವುದಕ್ಕೂ ಅದನ್ನು ಮೂರು ವರ್ಷ ಹೊತ್ತು ನಡೆಸುವುದಕ್ಕೂ ವ್ಯತ್ಯಾಸ ಇಲ್ವಾ ಗುರು?

ಗ್ರಂಥಾಲಯದ_ಗೂಬೆ:

ಇದೆ. ಅದನ್ನೇ ನಾನೂ ಹೇಳುವುದು. ಮೂರು ವರ್ಷ ಹೊತ್ತವರು ಒಬ್ಬರಲ್ಲ.

ಕೀಫ್ರೇಮ್_ಕೆಲಸ:

ನಿಮ್ಮಿಬ್ಬರ ಪಟ್ಟಿಯಲ್ಲೂ ಬರೀ ಬರಹಗಾರರೇ ಇದ್ದಾರೆ. ನಾನು ಬೆಂಗಳೂರಿನಲ್ಲಿ ಅನಿಮೇಷನ್ ಕೆಲಸ ಮಾಡುವವನು, ಇದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ಸ್ಕ್ರಿಪ್ಟ್‌ನಲ್ಲಿ ಏನಿರುತ್ತದೆ ಗೊತ್ತಾ? ಹೊಡೆದಾಟದ ಜಾಗದಲ್ಲಿ ಎಷ್ಟೋ ಸಲ ಒಂದೆರಡು ಸಾಲು. ಇಬ್ಬರೂ ಕಾದಾಡುತ್ತಾರೆ, ಇವನು ಬೀಳುತ್ತಾನೆ, ಅಷ್ಟೇ. ಯಾವ ಕಾಲು ಮುಂದೆ, ಕ್ಯಾಮೆರಾ ಎಲ್ಲಿ, ಎಷ್ಟು ಹೊತ್ತು ತಡೆದು ಆಮೇಲೆ ಹೊಡೆತ, ಇದೆಲ್ಲ ನಿರ್ಧಾರವಾಗುವುದು ಸ್ಟೋರಿಬೋರ್ಡ್‌ನಲ್ಲಿ. ಅದನ್ನು ಧ್ವನಿಯ ಜೊತೆ ಜೋಡಿಸಿ ಅನಿಮ್ಯಾಟಿಕ್ ಎಂಬ ಕರಡು ವಿಡಿಯೋ ಮಾಡುತ್ತಾರೆ. ಅದು ಕೊರಿಯಾಕ್ಕೆ ಹೋಗುತ್ತದೆ. ಅಲ್ಲಿ ಲೇಔಟ್, ಕೀ ಫ್ರೇಮ್ (ಚಲನೆಯ ಮುಖ್ಯ ಚಿತ್ರಗಳು), ಇನ್‌ಬಿಟ್ವೀನ್ (ಅವುಗಳ ನಡುವಿನ ಚಿತ್ರಗಳು), ಕ್ಲೀನಪ್, ಬಣ್ಣ. ಸೆಕೆಂಡಿಗೆ 24 ಫ್ರೇಮ್ ಓಡುತ್ತದೆ. ಟಿವಿ ಕೆಲಸದಲ್ಲಿ ಸಾಮಾನ್ಯವಾಗಿ ಎರಡು ಫ್ರೇಮಿಗೆ ಒಂದು ಚಿತ್ರ ಅಂತ ಇಟ್ಟುಕೊಂಡರೂ ಸೆಕೆಂಡಿಗೆ 12 ಚಿತ್ರ ಆಯಿತು. ಪ್ರತಿಯೊಂದನ್ನೂ ಒಬ್ಬ ಮನುಷ್ಯ ಕೂತು ಬರೆದಿದ್ದಾನೆ.

ಅವತಾರ್‌ಗೆ ಜೆಎಂ ಅನಿಮೇಷನ್, ಡಿಆರ್ ಮೂವಿ, ಎಂಒಐ ಎಂಬ ಮೂರು ಕೊರಿಯನ್ ಸ್ಟುಡಿಯೋಗಳು ಕೆಲಸ ಮಾಡಿದವು. ‘ಲೇಕ್ ಲಾವೊಗೈ’ ಕಂತಿಗೆ 2007ರಲ್ಲಿ ಎಮ್ಮಿ ಬಂತು. ಯಾರಿಗೆ? ಬರಹಗಾರರಿಗಲ್ಲ, ನಿರ್ದೇಶಕರಿಗೂ ಅಲ್ಲ. ಕಿಮ್ ಸಾಂಗ್-ಜಿನ್ ಎಂಬ ಅನಿಮೇಟರ್‌ಗೆ, ವೈಯಕ್ತಿಕ ಸಾಧನೆಗೆ. ಈ ಥ್ರೆಡ್‌ನಲ್ಲಿ ಇಷ್ಟು ಹೊತ್ತು ಮಾತಾಡಿದ ನಿಮ್ಮಲ್ಲಿ ಒಬ್ಬರ ಬಾಯಲ್ಲೂ ಆ ಹೆಸರು ಬರಲಿಲ್ಲ.

ಯಾಕೆ ಬರಲ್ಲ ಅಂತಲೂ ಹೇಳುತ್ತೇನೆ. ಹೊರಗಿನ ಸ್ಟುಡಿಯೋಗೆ ಕೆಲಸ ಕೊಟ್ಟರೆ ಎಷ್ಟೋ ಸಲ ಕೊನೆಯಲ್ಲಿ ಸ್ಟುಡಿಯೋ ಹೆಸರು ಒಂದು ಸಾಲು, ಮೇಲ್ವಿಚಾರಕರ ನಾಲ್ಕು ಹೆಸರು, ಮುಗಿಯಿತು. ನಾನು ವಿದೇಶಿ ಮಕ್ಕಳ ಸರಣಿಯೊಂದಕ್ಕೆ ಒಂದು ಇಡೀ ಸೀಸನ್ ಶಾಟ್ ಮಾಡಿದ್ದೇನೆ. ತೆರೆ ಮೇಲೆ ನನ್ನ ಹೆಸರಿಲ್ಲ. ನಮ್ಮ ಟೀಮಿನ ಯಾರ ಹೆಸರೂ ಇಲ್ಲ. ಅದಕ್ಕೆ ಆ ಪಟ್ಟಿಯಲ್ಲಿ ಹೆಸರಿರುವವರ ನಡುವೆ ಯಾರು ದೊಡ್ಡವರು ಎಂಬ ಜಗಳ ನೋಡಿದರೆ ನನಗೆ ಸಂಕಟ ಆಗುತ್ತದೆ.

ಮಲೆನಾಡ_ಮಳೆ:

ಕೀಫ್ರೇಮ್ ಅವರೇ, ಇದನ್ನು ಬರೆದದ್ದಕ್ಕೆ ತುಂಬಾ ಥ್ಯಾಂಕ್ಸ್. ಕೊರಿಯಾದ ಮಾತು ಮುಂದೆ ಎತ್ತಬೇಕು ಅಂತಲೇ ಇದ್ದೆ, ಒಳಗಿನವರೇ ಹೇಳಿದ್ದು ಒಳ್ಳೆಯದಾಯಿತು.

ಹೊನ್ನಾವರದ_ಹುಡುಗಿ:

ನಮ್ಮ ಕಡೆಯವರಿಗೆ ಈ ಪ್ರಶ್ನೆ ಹೊಸದಲ್ಲ ಮಾರಾಯ್ರೆ. ಯಕ್ಷಗಾನದ ವಾಲಿವಧೆಯ ಪದ್ಯ ಪಾರ್ತಿಸುಬ್ಬನ ಹೆಸರಿನಲ್ಲಿದೆ. ಆದರೆ ತಾಳಮದ್ದಳೆ ಕೇಳಿದ ಹಳಬರನ್ನು ಮಾತಾಡಿಸಿ, ಅವರು ಹೇಳುವುದು ‘ಶೇಣಿಯವರ ವಾಲಿ’ ಅಂತ, ಅಂದರೆ ಅರ್ಥ ಹೇಳಿದವರ ಹೆಸರಿನಲ್ಲಿ. ಪದ್ಯ ಕವಿಯದು, ಹಾಡುವುದು ಭಾಗವತರು, ಅರ್ಥ, ಅಂದರೆ ಪಾತ್ರದ ಮಾತು, ಅರ್ಥಧಾರಿಯದು. ಅದೂ ಬರೆದಿಟ್ಟ ಮಾತಲ್ಲ, ಅಲ್ಲೇ ಕೂತಲ್ಲಿ ಹುಟ್ಟುವ ಮಾತು. ಯಾವ ರಾತ್ರಿ ವಾಲಿ ಚೆನ್ನಾಗಿ ಆಯಿತೋ ಆ ರಾತ್ರಿ ಮೂವರನ್ನೂ ಹೆಸರು ಹಿಡಿದು ಹೊಗಳುತ್ತಾರೆ, ಇದರಿಂದ ಕವಿಗೆ ಏನೂ ಕಮ್ಮಿ ಆಗುವುದಿಲ್ಲ. ಅರ್ಥ ಚೆನ್ನಾಗಿತ್ತು ಅಂದ ಮಾತ್ರಕ್ಕೆ ಪ್ರಸಂಗ ಬರೆದವನಿಗೆ ಅವಮಾನ ಅಂತ ಯಾರೂ ತಿಳಿಯುವುದಿಲ್ಲ.

ಅವತಾರ್ ಅಭಿಮಾನಿಗಳ ಜಗಳದಲ್ಲಿ ನನಗೆ ಬೇಜಾರು ಇದೇ. ಇಹಾಸ್ ಅವರನ್ನು ಹೊಗಳಬೇಕಾದರೆ ಬ್ರೈಕ್ ಅವರನ್ನು ತುಳಿಯಲೇಬೇಕು ಅಂತ ಯಾರು ಹೇಳಿದರು?

ಗ್ರಂಥಾಲಯದ_ಗೂಬೆ:

ಒಪ್ಪುತ್ತೇನೆ. ಆದರೆ ಒಂದು ವ್ಯತ್ಯಾಸ ಇದೆ. ಯಕ್ಷಗಾನದಲ್ಲಿ ಅರ್ಥಧಾರಿ ನಮ್ಮ ಕಣ್ಣೆದುರೇ ಕೂತಿರುತ್ತಾರೆ, ಯಾರು ಏನು ಮಾಡಿದರು ಅಂತ ಕಾಣುತ್ತದೆ. ಬರಹಗಾರರ ಕೋಣೆಯಲ್ಲಿ ಹಾಗಲ್ಲ. ಆರೇಳು ಜನ ಕೂತು ಕಥೆ ಮುರಿದು ಕಟ್ಟುತ್ತಾರೆ, ಒಬ್ಬರು ಮೊದಲ ಡ್ರಾಫ್ಟ್ ಬರೆಯುತ್ತಾರೆ, ಎಲ್ಲರೂ ಸೇರಿ ತಿದ್ದುತ್ತಾರೆ. ತೆರೆ ಮೇಲೆ ಬರುವುದು ಡ್ರಾಫ್ಟ್ ಬರೆದವರ ಹೆಸರು. ಆದ್ದರಿಂದ ಮಲೆನಾಡ_ಮಳೆ ಹೇಳುವ ಹಾಗೆ ಕಂತಿನ ಹೆಸರು ಓದಿದರೆ ಎಲ್ಲ ಗೊತ್ತಾಗುತ್ತದೆ ಅನ್ನುವುದೂ ಪೂರ್ತಿ ಸರಿಯಲ್ಲ.

ಜುಕೊ_ಪಕ್ಷ:

ಅಲ್ಲೇ ಇರುವುದು ನನ್ನ ಮಾತು. ಮುಖ್ಯ ಬರಹಗಾರ ಅಂದರೆ ಆ ಕೋಣೆ ನಡೆಸುವವರು. ಇಹಾಸ್ ‘ಫ್ಯೂಚುರಾಮಾ’ದಲ್ಲಿ ಬರೆದು ಬಂದವರು, ಅಂಥ ಕೋಣೆ ಹೇಗೆ ನಡೆಯಬೇಕು ಅಂತ ಗೊತ್ತಿತ್ತು. ಬ್ರೈಕ್ ಇಬ್ಬರೂ ಚಿತ್ರ ಮತ್ತು ನಿರ್ದೇಶನದ ಕಡೆಯಿಂದ ಬಂದವರು. ಬೇರೆಯವರ ಹೆಸರಿನ ಕಂತಿನಲ್ಲೂ ಮುಖ್ಯ ಬರಹಗಾರರ ಕೈ ಇರುತ್ತದೆ.

ಗ್ರಂಥಾಲಯದ_ಗೂಬೆ:

ಹಾಗಾದರೆ ಇಹಾಸ್ ಹೆಸರಿನ ಕಂತಿನಲ್ಲಿ ಬ್ರೈಕ್ ಕೈಯೂ ಇರುತ್ತದೆ. ‘ಕ್ರಾಸ್‌ರೋಡ್ಸ್ ಆಫ್ ಡೆಸ್ಟಿನಿ’ ಇಹಾಸ್ ಅವರದು ಅಂದಿರಲ್ಲ, ಅದನ್ನು ನಿರ್ದೇಶಿಸಿದ್ದು ಡಿಮಾರ್ಟಿನೊ.

ಸಹ್ಯಾದ್ರಿ_ಸೈಕಲ್:

ನೀವು ಮೂರೂ ಜನ ಎಲಿಜಬೆತ್ ವೆಲ್ಚ್ ಇಹಾಸ್ ಅವರನ್ನು ಬಿಟ್ಟಿರಿ. ‘ಜುಕೊ ಅಲೋನ್’ ಅವರದು. ‘ಆಪಾಸ್ ಲಾಸ್ಟ್ ಡೇಸ್’ ಅವರದು. ‘ದಿ ಸದರ್ನ್ ರೈಡರ್ಸ್’ ಕೂಡ ಅವರದೇ, ಹಿಮಗಡ್ಡೆಯ ಹುಡುಗನ ಗೆಳತಿ ಕಟಾರಾ ತನ್ನ ಅಮ್ಮನನ್ನು ಕೊಂದವನನ್ನು ಹುಡುಕಿ ಹೋಗುತ್ತಾಳಲ್ಲ, ಆ ಕಂತು. ನನ್ನ ಪಾಲಿಗೆ ಇಡೀ ಸರಣಿಯ ಅತ್ಯುತ್ತಮ ಬರವಣಿಗೆ ಈ ಮೂರು. ಇಹಾಸ್ ಅಂದ ತಕ್ಷಣ ಎಲ್ಲರೂ ಆರನ್ ಅವರನ್ನೇ ನೆನೆಯುತ್ತಾರೆ.

ಮತ್ತೆ ‘ದಿ ಸ್ಟಾರ್ಮ್’ ಮತ್ತು ‘ಜುಕೊ ಅಲೋನ್’ ಎರಡನ್ನೂ ನಿರ್ದೇಶಿಸಿದ್ದು ಲಾರೆನ್ ಮ್ಯಾಕ್‌ಮುಲನ್. ಬರೆದವರು ಬೇರೆ ಬೇರೆ, ನಿರ್ದೇಶಕಿ ಒಬ್ಬರೇ. ಒಂಟಿ ಸವಾರ, ಬಿಸಿಲು, ಮಾತೇ ಇಲ್ಲದ ಉದ್ದನೆಯ ಶಾಟ್‌ಗಳು. ಜುಕೊ ನಮಗೆ ಇಷ್ಟವಾಗಲು ಈ ಇಬ್ಬರು ಹೆಂಗಸರ ಪಾಲು ಎಷ್ಟು ಅಂತ ಯಾರಾದರೂ ಲೆಕ್ಕ ಹಾಕಿದ್ದೀರಾ?

ಜುಕೊ_ಪಕ್ಷ:

‘ಜುಕೊ ಅಲೋನ್’ ನನ್ನ ಮೆಚ್ಚಿನ ಕಂತು. ನಿಮ್ಮ ಮಾತಿಗೆ ನನ್ನದು ಪೂರ್ತಿ ಬೆಂಬಲ. ಆ ಊರಿನ ಹುಡುಗ ಜುಕೊ ಯಾರು ಅಂತ ಗೊತ್ತಾದ ಮೇಲೆ ಅವನು ಕೊಡಲು ಬಂದ ಚಾಕು ಬೇಡ ಅಂದು ಮುಖ ತಿರುಗಿಸುತ್ತಾನಲ್ಲ, ಅಲ್ಲಿ ಬರವಣಿಗೆ ಎಷ್ಟು ಕಮ್ಮಿ, ಹೇಳಿದ್ದು ಎಷ್ಟು ಜಾಸ್ತಿ.

ನ್ಯೂಜೆರ್ಸಿ_ಕನ್ನಡಿಗ:

ಇಲ್ಲಿ ಎರಡು ಪ್ರಶ್ನೆ ಬೆರೆತಿವೆ. ತೆರೆ ಮೇಲೆ ಬರುವ ‘ಕ್ರಿಯೇಟೆಡ್ ಬೈ’ ಎಂಬ ಸಾಲು ಹೊಗಳಿಕೆಯಲ್ಲ, ಅದೊಂದು ಕರಾರು. ಅದರ ಹಿಂದೆ ದುಡ್ಡು, ಹಕ್ಕು ಎಲ್ಲ ಇದೆ. ಅಮೆರಿಕದಲ್ಲಿ ಸಾಮಾನ್ಯ ಟಿವಿ ಧಾರಾವಾಹಿಗೆ ಆ ಸಾಲು ಯಾರಿಗೆ ಸಲ್ಲಬೇಕು ಅಂತ ತಕರಾರು ಬಂದರೆ ಬರಹಗಾರರ ಗಿಲ್ಡ್ ತೀರ್ಮಾನ ಮಾಡುತ್ತದೆ. ಅನಿಮೇಷನ್‌ನ ಬಹುಪಾಲು ಕೆಲಸ ಆ ಗಿಲ್ಡ್ ಕೆಳಗೆ ಬರುವುದಿಲ್ಲ, ಅನಿಮೇಷನ್ ಗಿಲ್ಡ್ ಎಂಬ ಬೇರೆ ಸಂಘದ ಕೆಳಗೆ ಬರುತ್ತದೆ. ಅಲ್ಲಿ ಮರುಪ್ರಸಾರದ ಹಣ ಕೂಡ ಬರೆದವರ ಕೈಗೆ ನೇರವಾಗಿ ಬರುವುದಿಲ್ಲ, ಸಂಘದ ಪಿಂಚಣಿ ಮತ್ತು ಆರೋಗ್ಯ ನಿಧಿಗೆ ಹೋಗುತ್ತದೆ. ‘ದಿ ಸಿಂಪ್ಸನ್ಸ್’ ಥರದ ಫಾಕ್ಸ್ ಸರಣಿಗಳ ಬರಹಗಾರರು 1998ರಲ್ಲಿ ಹೋರಾಡಿ ಬರಹಗಾರರ ಗಿಲ್ಡ್ ಕರಾರು ಪಡೆದರು. ಎಲ್ಲರಿಗೂ ಆ ಭಾಗ್ಯ ಸಿಗಲಿಲ್ಲ.

ಸಿಂಪ್ಸನ್ಸ್‌ನಲ್ಲೂ ಇದೇ ಕಥೆ ನೋಡಿ. ‘ಸೃಷ್ಟಿ’ ಅಂತ ಬರುವುದು ಮ್ಯಾಟ್ ಗ್ರೇನಿಂಗ್ ಒಬ್ಬರ ಹೆಸರು. ಆದರೆ ಮೊದಲ ಬರಹಗಾರರ ತಂಡ ಕಟ್ಟಿದ್ದು ಸ್ಯಾಮ್ ಸೈಮನ್. ಅವರು 1993ರಲ್ಲೇ ಹೊರಟರು, ಆದರೆ ನಿರ್ಮಾಪಕ ಎಂಬ ಹೆಸರು ಮತ್ತು ಲಾಭದ ಪಾಲು 2015ರಲ್ಲಿ ತೀರಿಹೋಗುವವರೆಗೂ ಉಳಿಯಿತು. ಯಾಕೆ? ಕರಾರಿನಲ್ಲಿ ಬರೆಸಿಕೊಂಡಿದ್ದರು.

ಬರೆಸಿಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬ್ಯಾಟ್‌ಮನ್ ಇದೆ. 1939ರಲ್ಲಿ ಆ ಪಾತ್ರ ಬಂದಾಗಿನಿಂದ ಬಾಬ್ ಕೇನ್ ಒಬ್ಬರ ಹೆಸರೇ. ಉಡುಪು, ಗಾಥಮ್ ಎಂಬ ಊರಿನ ಹೆಸರು, ಹಿನ್ನೆಲೆಯ ಕಥೆ, ಇದರಲ್ಲೆಲ್ಲ ದೊಡ್ಡ ಪಾಲು ಇದ್ದ ಬಿಲ್ ಫಿಂಗರ್ 1974ರಲ್ಲಿ ತೀರಿಹೋದರು. ಅಧಿಕೃತವಾಗಿ ಅವರ ಹೆಸರು ಸೇರಿದ್ದು 2015ರಲ್ಲಿ. ನೋಡುವುದಕ್ಕೆ ಅವರೇ ಇರಲಿಲ್ಲ.

ಅದಕ್ಕೇ ಹೇಳುತ್ತೇನೆ, ಅಭಿಮಾನಿಗಳು ಗಟ್ಟಿಯಾಗಿ ಮಾತಾಡುವುದು ವ್ಯರ್ಥ ಅಲ್ಲ. ಫಿಂಗರ್ ಹೆಸರು ಸೇರಿದ್ದು ಮನೆಯವರು ಮತ್ತು ಓದುಗರು ವರ್ಷಗಟ್ಟಲೆ ಪಟ್ಟು ಬಿಡದೆ ಕೇಳಿದ್ದರಿಂದ.

ಗ್ರಂಥಾಲಯದ_ಗೂಬೆ:

ಫಿಂಗರ್ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಶುರುವಿನಿಂದ ಇದ್ದವರ ಹೆಸರನ್ನೇ ಮುಚ್ಚಿಟ್ಟರು. ಇಹಾಸ್ ಹೆಸರನ್ನು ಯಾರೂ ಮುಚ್ಚಿಟ್ಟಿಲ್ಲ. ಅವರು ಮುಖ್ಯ ಬರಹಗಾರ, ಸಹ ಕಾರ್ಯನಿರ್ವಾಹಕ ನಿರ್ಮಾಪಕ. ಎರಡೂ ತೆರೆ ಮೇಲೆ ಬರುತ್ತದೆ.

ನ್ಯೂಜೆರ್ಸಿ_ಕನ್ನಡಿಗ:

ಸರಿ, ಅನ್ಯಾಯ ಒಂದೇ ಥರ ಅಂತ ನಾನು ಹೇಳುತ್ತಿಲ್ಲ. ತೆರೆ ಮೇಲಿನ ಸಾಲು ಮತ್ತು ನಿಜವಾದ ಕೆಲಸ, ಎರಡೂ ಬೇರೆ ಬೇರೆ ದಾರಿಯಲ್ಲಿ ಹೋಗಬಹುದು ಎಂಬುದಕ್ಕೆ ಹೇಳಿದೆ.

ಮಲೆನಾಡ_ಮಳೆ:

ಎಲ್ಲರ ಮಾತೂ ಓದಿದೆ. ಗೂಬೆಯವರು ಕಂತಿನ ಹೆಸರು ಓದಿದರೆ ಸಾಲದು ಅಂದರು. ನಿಜ. ಆದರೆ ಓದದೇ ಇರುವುದಕ್ಕಿಂತ ಎಷ್ಟೋ ವಾಸಿ. ಯಾಕೆ ಅಂತ ಒಂದೇ ಪಾತ್ರ ಹಿಡಿದು ತೋರಿಸುತ್ತೇನೆ. ಟಾಫ್.

ಟಾಫ್ ಅಂದರೆ ಕಣ್ಣು ಕಾಣದ, ಗಿಡ್ಡಗಿನ, ಬಾಯಿ ಜೋರಿನ ಹನ್ನೆರಡು ವರ್ಷದ ಹುಡುಗಿ, ನೆಲದ ಕಂಪನವನ್ನು ಕಾಲಿನಿಂದ ಓದಿ ಎಂಥ ಗಟ್ಟಿಗರನ್ನೂ ಮಣ್ಣು ಮುಕ್ಕಿಸುವವಳು. ಮೊದಲ ಯೋಜನೆಯಲ್ಲಿ ಅವಳು ಅವಳಾಗಿರಲೇ ಇಲ್ಲ. ಬ್ರೈಕ್ ಅಂದುಕೊಂಡಿದ್ದು ದಪ್ಪ ತೋಳಿನ ಒಬ್ಬ ಹುಡುಗ. ಹುಡುಗಿ ಮಾಡೋಣ ಅಂದದ್ದು ಇಹಾಸ್. ಕೊನಿಯೆಟ್ಜ್ಕೊ ಮೊದಲು ಒಪ್ಪಲಿಲ್ಲ, ಆಮೇಲೆ ಒಪ್ಪಿದರು. ಮೂರನೇ ಭಾಗದ ‘ಎಂಬರ್ ಐಲ್ಯಾಂಡ್ ಪ್ಲೇಯರ್ಸ್’ನಲ್ಲಿ ನಾಟಕದವರು ಟಾಫ್ ಪಾತ್ರವನ್ನು ದೊಡ್ಡ ಪೈಲ್ವಾನ್ ಒಬ್ಬನಿಂದ ಮಾಡಿಸುತ್ತಾರಲ್ಲ, ಅದು ಆ ಹಳೆಯ ಕಲ್ಪನೆಯ ನೆನಪು.

ಇಷ್ಟೇ ಕೇಳಿದರೆ ಟಾಫ್ ಇಹಾಸ್ ಅವರದು ಅನಿಸುತ್ತದೆ, ಅಲ್ವಾ? ಮುಂದೆ ನೋಡಿ. ಅವಳು ನಿಜವಾಗಿ ಪರಿಚಯವಾಗುವ ಕಂತು ‘ದಿ ಬ್ಲೈಂಡ್ ಬ್ಯಾಂಡಿಟ್’. ಬರೆದಿದ್ದು ಡಿಮಾರ್ಟಿನೊ. ನಿರ್ದೇಶನ ಈಥನ್ ಸ್ಪಾಲ್ಡಿಂಗ್. ಅವಳ ಹೊಡೆತದ ಶೈಲಿ ಮಣ್ಣು, ಕಲ್ಲು ಆಡಿಸಿ ಕಾದಾಡುವ ಉಳಿದವರ ಶೈಲಿಯಲ್ಲ. ಉಳಿದವರಿಗೆ ಹಂಗ್ ಗಾರ್ ಎಂಬ ಚೀನೀ ಸಮರಕಲೆ, ಇವಳಿಗೆ ಚು ಗಾರ್ ಎಂಬ ದಕ್ಷಿಣದ ಮ್ಯಾಂಟಿಸ್ ಶೈಲಿ. ಈ ಲೆಕ್ಕವೆಲ್ಲ ಸಮರಕಲೆಯ ಸಲಹೆಗಾರ ಸಿಫು ಕಿಸು ಅವರ ಮೂಲಕ ಬಂದದ್ದು. ನೀರಿಗೆ ತಾಯ್ ಚಿ, ಬೆಂಕಿಗೆ ಉತ್ತರ ಶಾವೊಲಿನ್, ಗಾಳಿಗೆ ಬಾಗುವಾ ಅಂತ ಕೂಡಿಸಿದ್ದರಲ್ಲೂ ಅವರ ಪಾಲಿದೆ. ಇನ್ನು ಅವಳ ದನಿ. ಜೆಸ್ಸಿ ಫ್ಲವರ್ ಎಂಬ ಪುಟ್ಟ ಹುಡುಗಿ, ಮೊದಲ ಭಾಗದ ‘ದಿ ಫಾರ್ಚೂನ್‌ಟೆಲರ್’ನಲ್ಲಿ ಮೆಂಗ್ ಎಂಬ ಸಣ್ಣ ಪಾತ್ರಕ್ಕೆ ಬಂದಿದ್ದವಳು. ಆ ಧ್ವನಿಗಳನ್ನೆಲ್ಲ ನಿರ್ದೇಶಿಸಿದ್ದು ಆಂಡ್ರಿಯಾ ರೊಮಾನೊ.

ಕೊನೆಗೆ ಕೀಫ್ರೇಮ್ ಅವರ ಮಾತಿಗೆ ಬರೋಣ. ‘ಬ್ಲೈಂಡ್ ಬ್ಯಾಂಡಿಟ್’ಗೆ ಅನಿಮೇಷನ್ ಕ್ಷೇತ್ರದ ಅನಿ ಪ್ರಶಸ್ತಿ ಬಂದದ್ದು ಪಾತ್ರದ ಅನಿಮೇಷನ್‌ಗೆ, ಯೂ ಜೇ-ಮ್ಯುಂಗ್ ಅವರಿಗೆ. ಟಾಫ್ ಕಾಲು ಒಂದಿಂಚು ಜಾರಿಸಿ ನಿಂತು, ಎದುರಾಳಿ ಮಾತು ಮುಗಿಸುವುದರೊಳಗೆ ಅವನನ್ನು ಹೊರಗೆಸೆಯುತ್ತಾಳಲ್ಲ, ಆ ಗತ್ತು ಯಾವ ಸ್ಕ್ರಿಪ್ಟ್‌ನಿಂದಲೂ ಬರುವುದಿಲ್ಲ, ಚಿತ್ರ ಬರೆದ ಕೈಯಿಂದ ಬರುತ್ತದೆ. ಇದೇ ಯೂ ಜೇ-ಮ್ಯುಂಗ್ 2010ರಲ್ಲಿ ಸ್ಟುಡಿಯೋ ಮಿರ್ ಕಟ್ಟಿದರು, ಕೊರಾದ ಬಹುಪಾಲು ಮಾಡಿದ್ದು ಅವರೇ.

ಈಗ ಹೇಳಿ, ಟಾಫ್ ಯಾರವಳು? ನನ್ನ ಉತ್ತರ ಸ್ಪಷ್ಟ ಇದೆ. ಹುಡುಗಿ ಎಂಬ ನಿರ್ಧಾರ ಇಹಾಸ್ ಅವರದು, ಅದನ್ನು ಹಾಗೇ ಹೇಳಬೇಕು. ಮಾತು ಡಿಮಾರ್ಟಿನೊ ಅವರದು, ಅದನ್ನೂ ಹೇಳಬೇಕು. ನಡೆ ಕೊರಿಯಾದ್ದು, ಅದನ್ನಂತೂ ಹೇಳಲೇಬೇಕು, ಯಾಕೆಂದರೆ ಬೇರೆ ಯಾರೂ ಹೇಳುತ್ತಿಲ್ಲ. ಎಲ್ಲರೂ ಸೇರಿ ಮಾಡಿದರು ಅಂತ ಒಂದೇ ಸಾಲಿನಲ್ಲಿ ಮುಗಿಸುವುದೂ ನನಗೆ ಇಷ್ಟವಿಲ್ಲ. ಹಾಗಂದರೆ ಯಾರ ಹೆಸರೂ ಹೇಳಿದಂತಾಗುವುದಿಲ್ಲ.

ಹೊನ್ನಾವರದ_ಹುಡುಗಿ:

ಇದು ಇದು. ಇದನ್ನು ಪಿನ್ ಮಾಡಿ.

ಜುಕೊ_ಪಕ್ಷ:

ಟಾಫ್ ಲೆಕ್ಕ ಚೆನ್ನಾಗಿದೆ, ಒಪ್ಪಿದೆ. ಆದರೆ ಅದರಲ್ಲೇ ನನ್ನ ಮಾತೂ ಇದೆ. ಆ ಒಂದು ನಿರ್ಧಾರ ಇಲ್ಲದಿದ್ದರೆ ಉಳಿದ ಆರು ಜನರ ಕೆಲಸ ಯಾವುದೋ ಪೈಲ್ವಾನ್ ಹುಡುಗನಿಗೆ ಹೋಗುತ್ತಿತ್ತು. ಎಲ್ಲ ಪಾಲೂ ಒಂದೇ ತೂಕ ಅಲ್ಲ.

ಇನ್ನೊಂದು. ನಾಲ್ಕನೇ ಸೀಸನ್ ಇದ್ದಿದ್ದರೆ ಅಜುಲಾ ಕೂಡ ತಿದ್ದಿಕೊಳ್ಳುವ ಕಥೆ ಬರುತ್ತಿತ್ತು ಅಂತ ಇಹಾಸ್ ಅವರೇ 2019ರಲ್ಲಿ ಹೇಳಿದ್ದಾರೆ. ಅಣ್ಣನಿಗೆ ಸಿಕ್ಕಿದ ದಾರಿ ತಂಗಿಗೂ ಸಿಗಬೇಕು ಎಂಬ ಯೋಚನೆ ಪಾತ್ರಗಳನ್ನು ಪ್ರೀತಿಸುವವರಿಗೆ ಮಾತ್ರ ಬರುತ್ತದೆ.

ಗ್ರಂಥಾಲಯದ_ಗೂಬೆ:

ಅದು ಇಹಾಸ್ ಅವರ ಆಸೆ. ನೀರು, ಭೂಮಿ, ಬೆಂಕಿ, ಮೂರೇ ಭಾಗ ಅಂತ ಬ್ರೈಕ್ ಮೊದಲಿನಿಂದಲೂ ಹೇಳುತ್ತಾ ಬಂದಿದ್ದಾರೆ. ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತಿರುವುದೂ ಸೃಷ್ಟಿಯ ಕೆಲಸವೇ. ಚೆನ್ನಾಗಿ ಓಡುತ್ತಿದ್ದ ಸರಣಿಯನ್ನು ಮುಗಿಯಬೇಕಾದಲ್ಲಿ ಮುಗಿಸಿದರು. ಟಿವಿಯಲ್ಲಿ ಹೀಗೆ ಮಾಡುವವರು ಕಮ್ಮಿ.

ನೆಟ್‌ಫ್ಲಿಕ್ಸ್ ನೈಜ ನಟರ ಸರಣಿಯನ್ನೂ ನೆನೆಯಿರಿ. ಬ್ರೈಕ್ ಇಬ್ಬರೂ ಅದರಿಂದ ಹೊರಬಂದ ವಿಷಯವನ್ನು 2020ರಲ್ಲಿ ಹೇಳಿದರು. 2024ರ ಫೆಬ್ರವರಿಯಲ್ಲಿ ಬಂದ ಸರಣಿಯಲ್ಲಿ ಪಾತ್ರ ಅವೇ, ಕಥೆ ಅದೇ, ದುಡ್ಡು ಎಷ್ಟೋ ಪಾಲು ಜಾಸ್ತಿ. ಹಿಮಗಡ್ಡೆಯ ಹುಡುಗ ಆಂಗ್‌ನ ತುಂಟತನ ಎಲ್ಲಿ ಹೋಯಿತು? ಆ ಲೋಕದ ಹದ ಯಾರ ಕೈಯಲ್ಲಿತ್ತು ಅಂತ ನನಗೆ ಅಲ್ಲಿ ಕಂಡಿತು.

ಸಹ್ಯಾದ್ರಿ_ಸೈಕಲ್:

ಅದರಲ್ಲಿ ಇಹಾಸ್ ಕೂಡ ಇರಲಿಲ್ಲ, ಮ್ಯಾಕ್‌ಮುಲನ್ ಇರಲಿಲ್ಲ, ಕೊರಿಯಾದವರೂ ಇರಲಿಲ್ಲ. ಅದರಿಂದ ಬ್ರೈಕ್ ಒಬ್ಬರ ಪಾಲು ಹೇಗೆ ಬೇರೆ ಮಾಡುತ್ತೀರಿ?

ಕೊರಾ ಬಗ್ಗೆಯೂ ಒಂದು ಮಾತು. ಮೊದಲ ಭಾಗ ಬರೆದದ್ದು ಇಬ್ಬರೇ ನಿಜ, ಆದರೆ ಅದು 12 ಕಂತಿನಲ್ಲಿ ಮುಗಿಯುವ ಕಿರು ಸರಣಿ ಎಂದೇ ಶುರುವಾಗಿದ್ದು. ಎಲ್ಲ ಗಂಟೂ ಅಲ್ಲೇ ಬಿಚ್ಚಬೇಕಿತ್ತು. ಎರಡನೇ ಭಾಗದಿಂದ ಟಿಮ್ ಹೆಡ್ರಿಕ್ ಮತ್ತು ಜೋಶುವಾ ಹ್ಯಾಮಿಲ್ಟನ್ ಬರಹಗಾರರಾಗಿ ಸೇರಿದರು. ಮೂರನೇ ಭಾಗ ಎಷ್ಟು ಚೆನ್ನಾಗಿದೆ ಅಂತ ಇಲ್ಲಿ ಎಲ್ಲರೂ ಒಪ್ಪುತ್ತೀರಿ, ಅಲ್ವಾ? ಅದರಲ್ಲಿ ಇಹಾಸ್ ಇಲ್ಲ. ಹಾಗಾದರೆ ಬೇಕಾಗಿದ್ದು ಇಹಾಸ್ ಎಂಬ ಒಬ್ಬರಲ್ಲ, ಒಳ್ಳೆಯ ಬರಹಗಾರರ ಕೋಣೆ.

ಜುಕೊ_ಪಕ್ಷ:

ಮೂರನೇ ಭಾಗದ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಯೋಚನೆ ಮಾಡಬೇಕು.

ತುಂಗಾ_ತೀರ:

ಸಂಗೀತದವರನ್ನು ಯಾರೂ ನೆನೆಯಲಿಲ್ಲ. ಅಗ್ನಿ ಕಾಯ್ ದೃಶ್ಯ ಬ್ರೈಕ್ ಬರೆದರು ಅಂದಿರಿ. ಅಲ್ಲಿ ಬೆಂಕಿಯ ಸದ್ದು ಹಿಂದೆ ಸರಿದು ಜೆರೆಮಿ ಜುಕರ್‌ಮನ್ ಅವರ ಸಂಗೀತ ಮುಂದೆ ಬರುತ್ತದೆ. ಕಾದಾಟ ಅನಿಸುವುದಿಲ್ಲ, ಅಳು ಬರುತ್ತದೆ. ಶಬ್ದ ವಿನ್ಯಾಸ ಬೆಂಜಮಿನ್ ವಿನ್. ಎಲ್ಲಿ ಸದ್ದು ತೆಗೆಯಬೇಕು ಅನ್ನುವುದು ದೊಡ್ಡ ತೀರ್ಮಾನ, ಅದನ್ನು ಮಾಡಿದವರನ್ನೂ ನೆನೆಯಬೇಕು.

ಜುಕೊನ ದೊಡ್ಡಪ್ಪ ಐರೋಹ್ ಕೂಡ ಅಷ್ಟೇ. ಅವನಿಗೆ ದನಿ ಕೊಟ್ಟ ಮಾಕೊ 2006ರ ಜುಲೈನಲ್ಲಿ ತೀರಿಕೊಂಡರು, ಆಮೇಲೆ ಗ್ರೆಗ್ ಬಾಲ್ಡ್ವಿನ್ ಆ ದನಿಯನ್ನು ಮುಂದುವರಿಸಿದರು. ‘ಟೇಲ್ಸ್ ಆಫ್ ಬಾ ಸಿಂಗ್ ಸೇ’ಯಲ್ಲಿ ಐರೋಹ್ ಮಗನಿಗಾಗಿ ಹಾಡುವ ಭಾಗವನ್ನು ಮಾಕೊಗೆ ಅರ್ಪಿಸಿದ್ದಾರೆ. ಆ ಕಂತಿನ ಒಂದೊಂದು ಕಥೆಯನ್ನೂ ಬೇರೆ ಬೇರೆಯವರು ಬರೆದಿದ್ದಾರೆ. ಐರೋಹ್ ಭಾಗ ಆಂಡ್ರ್ಯೂ ಹ್ಯೂಬ್ನರ್ ಅವರದು. ಬ್ರೈಕ್ ಅವರದೂ ಅಲ್ಲ, ಇಹಾಸ್ ಅವರದೂ ಅಲ್ಲ.

ಕೀಫ್ರೇಮ್_ಕೆಲಸ:

ಹೆಸರು ಯಾಕೆ ಬೇಕು ಅಂತ ಒಬ್ಬರು ನನಗೆ ಮೆಸೇಜ್ ಮಾಡಿ ಕೇಳಿದ್ದಾರೆ, ಸಂಬಳ ಬಂತಲ್ಲ ಅಂತ. ಇಲ್ಲೇ ಉತ್ತರ ಕೊಡುತ್ತೇನೆ.

2025ರ ಫೆಬ್ರವರಿಯಲ್ಲಿ ಅನಿಮೇಷನ್ ಮತ್ತು ವಿಎಫ್‌ಎಕ್ಸ್ ಕಂಪನಿ ಟೆಕ್ನಿಕಲರ್ ಸಮೂಹ ಕುಸಿದಾಗ ಬೆಂಗಳೂರಿನಲ್ಲಿ ಸಾವಿರಾರು ಕಲಾವಿದರ ಕೆಲಸ ಹೋಯಿತು. ಅಲ್ಲಿ ‘ಪೆಂಗ್ವಿನ್ಸ್ ಆಫ್ ಮಡಗಾಸ್ಕರ್’, ‘ಕುಂಗ್ ಫು ಪಾಂಡಾ’ ಟಿವಿ ಸರಣಿಗಳ ಮೇಲೆ ದುಡಿದವರಿದ್ದರು. ನಿಮ್ಮ ಮನೆಯ ಮಕ್ಕಳು ನೋಡಿ ನಕ್ಕ ಶಾಟ್ ನಮ್ಮ ಊರಿನ ಯಾರೋ ಒಬ್ಬರು ಮಾಡಿದ್ದಿರಬಹುದು. ಕೆಲಸ ಹೋದ ಮೇಲೆ ಬೇರೆ ಕಡೆ ಕೇಳುವ ಮೊದಲ ಪ್ರಶ್ನೆ, ಏನು ಮಾಡಿದ್ದೀರಿ ತೋರಿಸಿ. ಎಷ್ಟೋ ಕಡೆ ಕರಾರಿನ ಪ್ರಕಾರ ಶಾಟ್‌ಗಳನ್ನು ಶೋರೀಲ್‌ಗೆ (ಮಾಡಿದ ಕೆಲಸ ತೋರಿಸುವ ವಿಡಿಯೋಗೆ) ಹಾಕಬೇಕಾದರೂ ಒಪ್ಪಿಗೆ ಬೇಕು. ಹಾಕಲು ಬಿಡಲ್ಲ, ತೆರೆ ಮೇಲೆ ಹೆಸರೂ ಇಲ್ಲ. ಹಾಗಾದರೆ ಮಾಡಿದೆ ಅಂತ ಹೇಗೆ ತೋರಿಸುವುದು? ಹೆಸರು ನಮಗೆ ಮುಂದಿನ ಅನ್ನ.

ಬ್ರೈಕ್ ವಿಷಯದಲ್ಲಿ ನನಗೆ ಗೌರವ ಇರುವುದು ಇಲ್ಲೇ. ಕೊರಾ ಮಾಡುವಾಗ ರ್ಯೂ ಕಿ-ಹ್ಯೂನ್ ಅವರನ್ನು ನಿರ್ದೇಶಕರಾಗಿ, ಆಮೇಲೆ ಸಹ ಕಾರ್ಯನಿರ್ವಾಹಕ ನಿರ್ಮಾಪಕರಾಗಿ ಹೆಸರು ಹಾಕಿದರು. ಕೊರಿಯಾದ ಚಿತ್ರಕಾರರನ್ನು ಬರೀ ಕೈಗಳು ಅಂತ ನೋಡಲಿಲ್ಲ. ಉಳಿದ ನಿರ್ಮಾಪಕರೂ ಅಷ್ಟು ಮಾಡಲಿ, ನನಗೆ ‘ಕ್ರಿಯೇಟೆಡ್ ಬೈ’ ಸಾಲಿನಲ್ಲಿ ಜಾಗ ಬೇಡವೇ ಬೇಡ.

ನ್ಯೂಜೆರ್ಸಿ_ಕನ್ನಡಿಗ:

ಶೋರೀಲ್ ನಿಯಮದ ಬಗ್ಗೆ ಬೇರೆ ಥ್ರೆಡ್ ತೆರೆಯಿರಿ. ನಿಮ್ಮಂಥವರು ಕೆಲಸಕ್ಕೆ ಸೇರುವಾಗಲೇ ಕರಾರಿನಲ್ಲಿ ಯಾವ ಸಾಲು ಕೇಳಿ ಸೇರಿಸಿಕೊಳ್ಳಬಹುದು ಅಂತ ನನಗೆ ಗೊತ್ತಿರುವಷ್ಟು ಬರೆಯುತ್ತೇನೆ. ಅಲ್ಲಿನ ಕಾನೂನು ಇಲ್ಲಿಗೆ ಹಾಗೇ ಹೊಂದುವುದಿಲ್ಲ, ಬೆಂಗಳೂರಿನ ವಕೀಲರು ಯಾರಾದರೂ ಇದ್ದರೆ ಸೇರಿಕೊಳ್ಳಲಿ.

ಕೀಫ್ರೇಮ್_ಕೆಲಸ:

ಖಂಡಿತ. ಇವತ್ತು ರಾತ್ರಿ ತೆರೆಯುತ್ತೇನೆ.

ಗ್ರಂಥಾಲಯದ_ಗೂಬೆ:

ಮಲೆನಾಡ_ಮಳೆ, ನಿಮ್ಮ ಟಾಫ್ ಲೆಕ್ಕದ ಥರ ಒಂದೊಂದು ಪಾತ್ರಕ್ಕೂ ಮಾಡೋಣ ಅಂದರೆ ನಾನು ಅಜುಲಾ ತೆಗೆದುಕೊಳ್ಳುತ್ತೇನೆ. ‘ಸೃಷ್ಟಿ’ ಸಾಲು ಇಬ್ಬರದೇ ಇರಬೇಕು ಎಂಬ ನನ್ನ ಮಾತು ಬದಲಾಗಿಲ್ಲ, ಅದು ಬೇರೆ.

ಜುಕೊ_ಪಕ್ಷ:

ಜುಕೊ ನನಗೆ ಬಿಡಿ. ‘ದಿ ಸ್ಟಾರ್ಮ್’ನಿಂದ ಶುರು ಮಾಡುತ್ತೇನೆ, ಮ್ಯಾಕ್‌ಮುಲನ್ ಹೆಸರು ಮೊದಲು ಬರೆಯುತ್ತೇನೆ.

ಮಲೆನಾಡ_ಮಳೆ:

ಆಗಲಿ. ಸಹ್ಯಾದ್ರಿಯವರು ಕಟಾರಾ ಮಾಡಲಿ, ತುಂಗಾ ತೀರದವರು ಐರೋಹ್. ಸ್ಟೋರಿಬೋರ್ಡ್ ಹೆಸರು ಕಂತಿನ ಕೊನೆಯಲ್ಲಿ ವೇಗವಾಗಿ ಓಡುತ್ತದೆ, ನಿಲ್ಲಿಸಿ ಓದಿ ಬರೆದುಕೊಳ್ಳಿ. ಕೊರಿಯನ್ ಹೆಸರುಗಳ ಉಚ್ಚಾರಣೆ ಗೊತ್ತಿರುವವರು ಯಾರಾದರೂ ಇದ್ದರೆ ಇಲ್ಲೇ ಹೇಳಿ, ಕನ್ನಡದಲ್ಲಿ ಸರಿಯಾಗಿ ಬರೆಯೋಣ.